ಅಲಂಕಾರದ ಪಟ್ಟಿಯಾಚೆ: ಗಡಿನಾಡಿನಿಂದ ವಿಟ್ಮನ್, ಡಿಕಿನ್ಸನ್, ಫ್ರಾಸ್ಟ್

ಇಂಗ್ಲಿಷ್ ಸಾಹಿತ್ಯದ ಪದವಿ ತರಗತಿಗಳಲ್ಲಿ ಅಮೆರಿಕನ್ ಕಾವ್ಯವು ಬಹುಮಟ್ಟಿಗೆ ಎರಡು ಅಂಕಣಗಳ ಕೋಷ್ಟಕವಾಗಿ ವಿದ್ಯಾರ್ಥಿಯ ಕೈಸೇರುತ್ತದೆ. ಒಂದು ಅಂಕಣದಲ್ಲಿ ಅಲಂಕಾರಗಳು: ಉಪಮೆ, ರೂಪಕ, ಮಾನವೀಕರಣ, ಪ್ರತೀಕ, ಪುನರುಕ್ತಿ, ಪ್ರಾಸ, ವ್ಯಂಗ್ಯ. ಇನ್ನೊಂದರಲ್ಲಿ ವಸ್ತು: ಪ್ರಜಾಪ್ರಭುತ್ವ, ಸಾವು, ನಿಸರ್ಗ, ಒಂಟಿತನ, ನೆರೆಹೊರೆ. ಮೊದಲನೆಯದು ಹೇಳುವ ಬಗೆ, ಎರಡನೆಯದು ಹೇಳಿದ ಮಾತು ಎಂಬ ತಿಳಿವಳಿಕೆ ಈ ಕೋಷ್ಟಕದ ಹಿಂದಿದೆ. ಅಲಂಕಾರವನ್ನು ಗುರುತಿಸಿದರೆ ಅರ್ಧ ಅಂಕ, ವಸ್ತುವನ್ನು ಹೇಳಿದರೆ ಇನ್ನರ್ಧ. ಗುರುತಿಸಿದ ಅಲಂಕಾರ ಆ ವಸ್ತುವನ್ನು ಏನು ಮಾಡಿತು, ಅದನ್ನು ಪುಷ್ಟಿಗೊಳಿಸಿತೋ, ಒಳಗಿನಿಂದಲೇ ಅಲುಗಾಡಿಸಿತೋ ಎಂಬ ಪ್ರಶ್ನೆ ಮಾತ್ರ ಎರಡು ಅಂಕಣಗಳ ನಡುವಿನ ಗೆರೆಯಲ್ಲೇ ಉಳಿದುಹೋಗುತ್ತದೆ.

ಪ್ರಸ್ತುತ ಲೇಖನದ ವಾದ ಸರಳವಾದುದು. ಅಲಂಕಾರವು ವಸ್ತುವಿನ ಮೇಲೆ ತೊಡಿಸಿದ ಆಭರಣವಲ್ಲ. ಕವಿತೆಯ ನಿಲುವು ರೂಪುಗೊಳ್ಳುವುದೇ ಅದರಲ್ಲಿ, ಮತ್ತು ಹಲವು ಸಲ ಕವಿತೆ ತನ್ನ ಘೋಷಿತ ವಸ್ತುವಿಗೆ ವಿರುದ್ಧವಾಗಿ ಮಾತನಾಡುವುದೂ ಅದರ ಮೂಲಕವೇ. ಇದನ್ನು ಕಾಣಲು ಹೆಸರುಗಳ ಪಟ್ಟಿಗಿಂತ ಹೆಚ್ಚು ನೆರವಾಗುವುದು ಓದುಗನ ಮನೆಮಾತಿನಲ್ಲಿ ಅದೇ ಸಾಧನ ಮಾಡುವ ಕೆಲಸದ ಅರಿವು. ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ನೋಡಿದಾಗ ಎರಡೂ ಕಡೆಯ ಕಾವ್ಯ ಸ್ಪಷ್ಟವಾಗುತ್ತದೆ. ಈ ವಾದವನ್ನು ಮೂವರು ಕವಿಗಳ ಮೂರು ಸಾಧನಗಳ ಮೂಲಕ ಪರೀಕ್ಷಿಸಲಾಗಿದೆ: ವಾಲ್ಟ್ ವಿಟ್ಮನ್‌ನ ಪಟ್ಟಿ, ಎಮಿಲಿ ಡಿಕಿನ್ಸನ್‌ಳ ಪ್ರಾಸ, ರಾಬರ್ಟ್ ಫ್ರಾಸ್ಟ್‌ನ ವ್ಯಂಗ್ಯ.

ಪರೀಕ್ಷೆಯ ನೆಲೆಯಾಗಿ ಪಸ್ತಾಪುರ ಮತ್ತು ಅದರ ಸುತ್ತಲಿನ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪ್ರದೇಶವನ್ನು ಇಟ್ಟುಕೊಳ್ಳಲಾಗಿದೆ. ಇದಕ್ಕೆ ಕಾರಣವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಭಾಷಾವಾರಾಗಿ ಹಂಚಿಹೋದಾಗ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಯಿಂದ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅವು ತೆಲಂಗಾಣದ ಭಾಗವಾದವು. 2016ರ ಜಿಲ್ಲಾ ಮರುವಿಂಗಡಣೆಯಲ್ಲಿ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಹೋದವು. ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ ಬೆರೆತ ಇಲ್ಲಿನ ಆಡುಮಾತಿಗೆ ಶಾಲೆಯಲ್ಲಿ ಹೆಸರಿಲ್ಲ. ಇಲ್ಲಿಂದ ಬಂದ ವಿದ್ಯಾರ್ಥಿ ಫ್ರಾಸ್ಟ್‌ನನ್ನು ಇಂಗ್ಲಿಷಿನಲ್ಲಿ ಓದುತ್ತಾನೆ, ತೆಲುಗಿನಲ್ಲಿ ವಿವರಣೆ ಕೇಳುತ್ತಾನೆ, ಮನೆಯಲ್ಲಿ ಕನ್ನಡವಾಡುತ್ತಾನೆ. ಈ ಮೂರನೆಯ ಭಾಷೆಗೆ ಕವಿತೆಯ ಓದಿನಲ್ಲಿ ಪಾತ್ರವಿದೆಯೆ ಎಂಬುದು ಇಲ್ಲಿ ಕೇವಲ ಬೋಧನಕ್ರಮದ ಪ್ರಶ್ನೆಯಲ್ಲ.

ಕಾಗಿಣಾ ದಂಡೆಯ ಅಲಂಕಾರಶಾಸ್ತ್ರ

ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡದ ಪಕ್ಕದಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ; ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ಊರು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಮೊದಲ ಗ್ರಂಥವೇ ಅಲಂಕಾರಗ್ರಂಥವೆಂಬುದನ್ನು, ಅದು ಈ ಗಡಿಯ ಆಸುಪಾಸಿನದೆಂಬುದನ್ನು ಅಮೆರಿಕನ್ ಕಾವ್ಯದ ಅಲಂಕಾರಗಳನ್ನು ಚರ್ಚಿಸುವಾಗ ಮರೆಯಲಾಗದು.

ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿದ ಈ ಕೃತಿಯ ಮೂರು ಪರಿಚ್ಛೇದಗಳು ದೋಷಾದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳನ್ನು ಕ್ರಮವಾಗಿ ನಿರೂಪಿಸುತ್ತವೆ. ಹಾಗೆ ನೋಡಿದರೆ ಇದೂ ಒಂದು ಪಟ್ಟಿಯೇ. ಆದರೆ ಈ ಪಟ್ಟಿಯ ಒಳಗೆ ಪಟ್ಟಿಯನ್ನು ಮೀರುವ ಎರಡು ಗ್ರಹಿಕೆಗಳಿವೆ. ಮೊದಲನೆಯದು, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದಿನ ಅಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಎಂಬ ಮಾತು. ಎರಡನೆಯದು, ಅರ್ಥಾಲಂಕಾರಗಳನ್ನು ಹೇಳುತ್ತ ಹೋಗುವ ಮೂರನೆಯ ಪರಿಚ್ಛೇದದಲ್ಲಿ ಧ್ವನಿಯೂ ಒಂದು ಅಲಂಕಾರವಾಗಿ ಪ್ರಸ್ತಾಪಗೊಳ್ಳುವುದು. ಹೇಳದೆ ಉಳಿದದ್ದರಿಂದ ಅರ್ಥ ಹೊಮ್ಮುವ ಧ್ವನಿಯನ್ನು ಒಮ್ಮೆ ಒಪ್ಪಿಕೊಂಡರೆ, ಅಲಂಕಾರ ಬೇರೆ, ಅರ್ಥ ಬೇರೆ ಎಂಬ ವಿಂಗಡಣೆ ಸಡಿಲವಾಗುತ್ತದೆ. ಮುಂದಿನ ಓದಿಗೆ ಈ ಎರಡು ಗ್ರಹಿಕೆಗಳು ಆಧಾರ. ಜೊತೆಗೆ ಇದೇ ಗ್ರಂಥದ ಕಟ್ಟುನಿಟ್ಟಿನ ಇನ್ನೊಂದು ಮುಖವನ್ನೂ ಡಿಕಿನ್ಸನ್‌ಳ ಸಂದರ್ಭದಲ್ಲಿ ಎದುರಿಸಬೇಕಾಗುತ್ತದೆ.

ವಿಟ್ಮನ್: ಪಟ್ಟಿಯ ನೆರೆಹೊರೆ

1855ರಲ್ಲಿ ಬ್ರೂಕ್ಲಿನ್‌ನಲ್ಲಿ ಅಚ್ಚಾದ ‘ಲೀವ್ಸ್ ಆಫ್ ಗ್ರಾಸ್’ನ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಯಿಲ್ಲದ ಹನ್ನೆರಡು ಕವಿತೆಗಳಿದ್ದವು. ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ. ಎದುರು ಪುಟದಲ್ಲಿ ಅಂಗಿಯ ಗುಂಡಿ ಬಿಚ್ಚಿ ನಿಂತ ಕೆಲಸಗಾರನ ಭಂಗಿಯ ಚಿತ್ರವಿತ್ತು. ಗೋಪಾಲಕೃಷ್ಣ ಅಡಿಗರು ವಿಟ್ಮನ್‌ನನ್ನು ‘ಹುಲ್ಲಿನ ದಳಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿರುವುದರಿಂದ ಆತ ನಮಗೆ ಹೊಸಬನಲ್ಲ. ಆತನ ಕಾವ್ಯದ ಮುಖ್ಯ ಸಾಧನಗಳಾಗಿ ಮುಕ್ತಛಂದಸ್ಸು, ಸಾಲಿನ ಆರಂಭದ ಪುನರುಕ್ತಿ, ಬೈಬಲಿನ ಗದ್ಯಲಯವನ್ನು ನೆನಪಿಸುವ ಸಮಾಂತರ ವಾಕ್ಯಗಳು ಮತ್ತು ಉದ್ದನೆಯ ಪಟ್ಟಿಗಳನ್ನು ಎಲ್ಲ ಕೈಪಿಡಿಗಳೂ ಹೆಸರಿಸುತ್ತವೆ. ‘ವಸ್ತು: ಪ್ರಜಾಪ್ರಭುತ್ವ’ ಎಂಬುದು ಪಕ್ಕದ ಅಂಕಣ.

‘ಸಾಂಗ್ ಆಫ್ ಮೈಸೆಲ್ಫ್’ನ ಹದಿನೈದನೆಯ ಭಾಗವನ್ನು ನೋಡಬಹುದು. ಚರ್ಚಿನಲ್ಲಿ ಹಾಡುವ ಹೆಂಗಸು, ಮರ ಹೆರೆಯುವ ಬಡಗಿ, ಹಡಗಿನವರು, ರೈತ, ಹುಚ್ಚಾಸ್ಪತ್ರೆಗೆ ಒಯ್ಯಲ್ಪಡುವವನು, ಹರಾಜುಕಟ್ಟೆಯಲ್ಲಿ ಮಾರಾಟವಾಗುವ ಮಿಶ್ರವರ್ಣದ ಹುಡುಗಿ, ಹೆಂಡದಂಗಡಿಯ ಒಲೆಯ ಬಳಿ ತೂಕಡಿಸುವ ಕುಡುಕ, ವೇಶ್ಯೆ, ಮಂತ್ರಿಗಳ ನಡುವೆ ಕುಳಿತ ರಾಷ್ಟ್ರಾಧ್ಯಕ್ಷ: ಹೀಗೆ ಪಟ್ಟಿ ಸಾಗುತ್ತದೆ. ಯಾರಿಗೂ ವಿಶೇಷಣಗಳ ಗೌರವವಿಲ್ಲ. ‘ಆದ್ದರಿಂದ’, ‘ಆದರೂ’ ಎಂಬಂಥ ಸಂಬಂಧಸೂಚಕಗಳಿಲ್ಲದೆ ಸಾಲಿನ ಪಕ್ಕದಲ್ಲಿ ಸಾಲು ನಿಲ್ಲುತ್ತದೆ. ಇದನ್ನು ಸಮಾನತೆಯ ವ್ಯಾಕರಣವೆಂದು ಕೊಂಡಾಡಿದವರಿದ್ದಾರೆ. ಇದರ ವಿರುದ್ಧದ ಆಕ್ಷೇಪವೂ ಅಷ್ಟೇ ಸಹಜ: ಮಾರಾಟವಾಗುವ ಹುಡುಗಿಗೂ ತೂಕಡಿಸುವ ಕುಡುಕನಿಗೂ ಒಂದೇ ಅಳತೆಯ ಜಾಗ ಕೊಡುವುದು ಸಮಾನತೆಯೋ, ನೋವನ್ನು ಮಟ್ಟಸಗೊಳಿಸುವುದೋ?

ಇಲ್ಲಿ ಪಸ್ತಾಪುರದ ಪಟ್ಟಿಯೊಂದು ನೆರವಿಗೆ ಬರುತ್ತದೆ. ಮೈಸೂರಿನವರಾದ ಪಿ.ವಿ. ಸತೀಶ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಈ ಭಾಗದ ದಲಿತ ಮಹಿಳೆಯರು ಮಿಶ್ರಬೆಳೆಯ ಬೀಜಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಪ್ರತಿವರ್ಷ ಬೀಜ ಹೊತ್ತ ಎತ್ತಿನ ಗಾಡಿಗಳು ಹಳ್ಳಿಯಿಂದ ಹಳ್ಳಿಗೆ ಸಾಗುವ ‘ಪಾತ ಪಂಟಲ ಜಾತರ’ ಈಗ ಪ್ರಸಿದ್ಧ. ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಹೆಸರು, ಉದ್ದು, ಅಲಸಂದೆ, ಎಳ್ಳು, ಪುಂಡಿ: ಕೇಳುವವರಿಗೆ ಇದು ಹೆಸರುಗಳ ಸಾಲು ಮಾತ್ರ, ಯಾವುದೂ ಇನ್ನೊಂದಕ್ಕೆ ವ್ಯಾಕರಣದಿಂದ ಕಟ್ಟುಬಿದ್ದಿಲ್ಲ. ಆದರೆ ಹೊಲದಲ್ಲಿ ನೆರೆಯೇ ಸಂಬಂಧ. ಬೇಳೆಕಾಳಿನ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಎತ್ತರದ ಜೋಳ ಬಳ್ಳಿಗೆ ಆಸರೆಯಾಗುತ್ತದೆ. ಒಂದಕ್ಕೆ ಮಳೆ ತಪ್ಪಿದರೆ ಇನ್ನೊಂದು ಉಳಿಯುತ್ತದೆ. ಪಟ್ಟಿಯ ಅರ್ಥ ಬಿಡಿ ಹೆಸರುಗಳಲ್ಲಿಲ್ಲ, ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದರಲ್ಲಿದೆ.

ಈ ಅರಿವಿನೊಂದಿಗೆ ಹದಿನೈದನೆಯ ಭಾಗಕ್ಕೆ ಮರಳಿದರೆ ಪಟ್ಟಿ ಸಪಾಟಾಗಿ ಉಳಿಯುವುದಿಲ್ಲ. ಹರಾಜುಕಟ್ಟೆಯ ಹುಡುಗಿ ಮತ್ತು ತೂಕಡಿಸುವ ಕುಡುಕ ಒಂದೇ ಸಾಲಿನ ಎರಡು ಭಾಗಗಳು. ಮನುಷ್ಯರನ್ನು ಮಾರುತ್ತಿರುವ ಹೊತ್ತಿನಲ್ಲಿ ಬೆಂಕಿಯ ಬಳಿ ಕುಳಿತು ನಿದ್ದೆಹೋಗುತ್ತಿರುವ ದೇಶವೊಂದು ಆ ನೆರೆಯಿಂದ ಕಾಣಿಸುತ್ತದೆ. ವೇಶ್ಯೆಯನ್ನು ಕಂಡು ಜನ ನಗುವುದು, ಅದರ ಬೆನ್ನಲ್ಲೇ ರಾಷ್ಟ್ರಾಧ್ಯಕ್ಷನ ಸಭೆ ನಡೆಯುವುದು ಇನ್ನೊಂದು ಅಂಥ ನೆರೆ. ಕವಿ ಟಿಪ್ಪಣಿ ಮಾಡುವುದಿಲ್ಲ. ಮಾಡಬೇಕಾದ ಟಿಪ್ಪಣಿಯನ್ನು ಪಕ್ಕಪಕ್ಕದ ಸಾಲುಗಳು ಮಾಡುತ್ತವೆ. ‘ಪುನರುಕ್ತಿ’ ಅಥವಾ ‘ಪಟ್ಟಿ’ ಎಂದು ಹೆಸರಿಸಿ ಮುಂದೆ ಸಾಗಿದ ಓದಿಗೆ ಈ ಧ್ವನಿ ಕೇಳಿಸದು.

ಇನ್ನು ಹೋಲಿಕೆ ಮುರಿಯುವ ಜಾಗ. ಆ ಭಾಗದ ಕೊನೆಯಲ್ಲಿ ಇವರೆಲ್ಲರೂ ನನ್ನೊಳಗೆ ಸೇರುತ್ತಾರೆ, ಇವರಿಂದಲೇ ನಾನು ನನ್ನ ಹಾಡನ್ನು ನೇಯುತ್ತೇನೆ ಎಂಬ ಅರ್ಥದ ಮಾತು ಬರುತ್ತದೆ. ಪಟ್ಟಿಯ ನೀರೆಲ್ಲ ‘ನಾನು’ ಎಂಬ ಕೆರೆಗೆ ಹರಿಯುತ್ತದೆ. ವಚನದಲ್ಲಿ ಪಟ್ಟಿಯ ಗತಿ ಬೇರೆ. ಕಾಲನ್ನು ಕಂಬವಾಗಿ, ದೇಹವನ್ನು ದೇಗುಲವಾಗಿ, ತಲೆಯನ್ನು ಕಳಸವಾಗಿ ಎಣಿಸುವ ಬಸವಣ್ಣನವರ ಪ್ರಸಿದ್ಧ ವಚನ ಬಡವನ ದೇಹದ ಅಂಗಗಳ ಪಟ್ಟಿಯೇ; ಆದರೆ ಅದು ಸ್ಥಾವರ-ಜಂಗಮಗಳ ವೈರುಧ್ಯದತ್ತ ಏರಿ, ಅಂಕಿತದ ಸಂಬೋಧನೆಯಲ್ಲಿ ಇನ್ನೊಬ್ಬನಿಗೆ ಒಪ್ಪಿಸಿಕೊಳ್ಳುತ್ತದೆ. ಅಲ್ಲಿ ‘ನಾನು’ ಎಣಿಸುವವನು ಮಾತ್ರ, ಎಣಿಕೆಯ ಒಡೆಯನಲ್ಲ. ವಿಟ್ಮನ್‌ನ ಪ್ರಜಾಪ್ರಭುತ್ವದ ಶಕ್ತಿಯೂ ಮಿತಿಯೂ ಈ ವ್ಯತ್ಯಾಸದಲ್ಲಿ ಕಾಣುತ್ತವೆ. ಎಲ್ಲರನ್ನೂ ಒಳಗೊಳ್ಳುವ ‘ನಾನು’ ಎಲ್ಲರ ಪರವಾಗಿ ಮಾತನಾಡುವ ಅಧಿಕಾರವನ್ನೂ ತಾನೇ ವಹಿಸಿಕೊಳ್ಳುತ್ತದೆ.

ಈ ದಾರಿ ಎರಡೂ ದಿಕ್ಕಿನದು ಎಂಬುದಕ್ಕೆ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಸಾಕ್ಷಿ. ಶಿಕಾಗೊದಲ್ಲಿದ್ದ ರಾಮಾನುಜನ್ ವಚನಗಳ ಗದ್ಯಲಯವನ್ನು ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಮುಕ್ತಛಂದದ ಚಿಕ್ಕ ಸಾಲುಗಳಾಗಿ ಒಡೆದು, ಪುಟದ ಮೇಲೆ ಬಿಳಿಜಾಗ ಬಿಟ್ಟು ಜೋಡಿಸಿದರು. ತೇಜಸ್ವಿನಿ ನಿರಂಜನ ಅವರು ‘ಸೈಟಿಂಗ್ ಟ್ರಾನ್ಸ್‌ಲೇಷನ್’ (1992) ಕೃತಿಯಲ್ಲಿ ಅಲ್ಲಮನ ವಚನವೊಂದರ ಈ ಅನುವಾದವನ್ನು ತೀಕ್ಷ್ಣವಾಗಿ ಪ್ರಶ್ನಿಸಿದರು. ಸಾಲು ಒಡೆಯುವುದು ಕೇವಲ ಅಲಂಕಾರವಾಗಿದ್ದರೆ ಇಷ್ಟು ದೊಡ್ಡ ವಾಗ್ವಾದಕ್ಕೆ ಕಾರಣವಿರಲಿಲ್ಲ.

ಡಿಕಿನ್ಸನ್: ದೋಷವೆನಿಸಿಕೊಂಡ ಪ್ರಾಸ

ಎಮಿಲಿ ಡಿಕಿನ್ಸನ್ ಸುಮಾರು 1,800 ಕವಿತೆಗಳನ್ನು ಬರೆದಳು. ಆಕೆಯ ಜೀವಿತಕಾಲದಲ್ಲಿ ಅಚ್ಚಾದವು ಬೆರಳೆಣಿಕೆಯಷ್ಟು. 1886ರಲ್ಲಿ ಆಕೆ ತೀರಿಕೊಂಡ ಬಳಿಕ 1890ರಲ್ಲಿ ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಮೊದಲ ಸಂಕಲನವನ್ನು ಹೊರತಂದರು. ಅವರು ಕವಿತೆಗಳಿಗೆ ಶೀರ್ಷಿಕೆ ಕೊಟ್ಟರು, ಅಡ್ಡಗೆರೆಗಳನ್ನು ಅಲ್ಪವಿರಾಮಗಳಾಗಿಸಿದರು, ಕೂಡದ ಪ್ರಾಸಗಳನ್ನು ಕೂಡಿಸಿದರು. ಥಾಮಸ್ ಜಾನ್ಸನ್‌ರ 1955ರ ಆವೃತ್ತಿ ಬರುವವರೆಗೆ ಓದುಗರಿಗೆ ದೊರಕಿದ್ದು ಹೆಚ್ಚಾಗಿ ಹೀಗೆ ತಿದ್ದಿದ ಡಿಕಿನ್ಸನ್.

ಸಾವು ಸಭ್ಯ ಗೃಹಸ್ಥನಾಗಿ ಗಾಡಿ ನಿಲ್ಲಿಸಿ, ಹೇಳುವವಳನ್ನು ಕರೆದೊಯ್ಯುವ ಕವಿತೆಯನ್ನು ನೋಡೋಣ. ಜಾನ್ಸನ್ ಆವೃತ್ತಿಯಲ್ಲಿ ಅದರ ಸಂಖ್ಯೆ 712. ಅದರ ಲಯ ಚರ್ಚಿನ ಸ್ತುತಿಗೀತೆಯದು: ಎಂಟು ಮತ್ತು ಆರು ಅಕ್ಷರಗಳ ಸಾಲುಗಳು ಸರದಿಯಾಗಿ ಬರುವ ಚೌಪದಿ. ಸಭೆ ಒಟ್ಟಾಗಿ ಹಾಡುವ, ಮುಂದಿನ ಸಾಲು ಎಲ್ಲರಿಗೂ ಗೊತ್ತಿರುವ ಲಯವದು. ಕೈಪಿಡಿ ಇದನ್ನು ‘ಮಾನವೀಕರಣ, ವಸ್ತು: ಸಾವು ಮತ್ತು ಅಮರತ್ವ’ ಎಂದು ದಾಖಲಿಸುತ್ತದೆ. 1890ರ ಸಂಪಾದಕರು ಅದನ್ನು ‘ದಿ ಚಾರಿಯಟ್’ ಎಂದು ಕರೆದು ನಾಲ್ಕನೆಯ ಪದ್ಯವನ್ನು ಕೈಬಿಟ್ಟರು. ಆ ಪದ್ಯದಲ್ಲೇ ಕವಿತೆ ತಿರುಗುತ್ತದೆ. ಅಲ್ಲಿಯವರೆಗೆ ಗಾಡಿ ಶಾಲೆಯನ್ನು, ಹೊಲವನ್ನು, ಸೂರ್ಯನನ್ನು ದಾಟಿ ಸಾಗುತ್ತಿತ್ತು. ಇಲ್ಲಿ ಹೇಳುವವಳು ತನ್ನ ಮಾತನ್ನು ತಾನೇ ತಿದ್ದಿ, ಸೂರ್ಯನೇ ತಮ್ಮನ್ನು ದಾಟಿಹೋದ ಎನ್ನುತ್ತಾಳೆ. ಚಳಿ ಹತ್ತುತ್ತದೆ, ಮೈಮೇಲಿನ ಬಟ್ಟೆ ತೆಳುವೆಂಬುದು ಅರಿವಾಗುತ್ತದೆ. ಚಲಿಸುತ್ತಿರುವವರು ತಾವಲ್ಲ ಎಂಬ ತಿಳಿವಿನೊಂದಿಗೆ ಸಾವಿನ ಸಭ್ಯತೆಯ ಮುಖವಾಡ ಜಾರುತ್ತದೆ. ಈ ಪದ್ಯವನ್ನು ತೆಗೆದರೆ ಮಾನವೀಕರಣ ಉಳಿಯುತ್ತದೆ, ಅದರ ಮೇಲಿನ ಅನುಮಾನ ಹೋಗುತ್ತದೆ.

ಎರಡನೆಯ ತಿದ್ದುಪಡಿ ಇನ್ನೂ ಚಿಕ್ಕದು. ಗೋರಿಯನ್ನು ಮನೆಯಾಗಿ ಕಾಣಿಸುವ ಮುಂದಿನ ಪದ್ಯದಲ್ಲಿ ಡಿಕಿನ್ಸನ್ ‘ನೆಲ’ ಎಂಬ ಪದಕ್ಕೆ ‘ನೆಲ’ ಎಂಬುದನ್ನೇ ಪ್ರಾಸವಾಗಿಟ್ಟಿದ್ದಳು. ಒಂದೇ ಪದವನ್ನು ಎರಡು ಸಲ ತರುವುದು ದುರ್ಬಲ ಪ್ರಾಸವೆಂದು ಬಗೆದು ಸಂಪಾದಕರು ಎರಡನೆಯದನ್ನು ‘ದಿಬ್ಬ’ ಎಂಬರ್ಥದ ಪದಕ್ಕೆ ಬದಲಿಸಿದರು. ಪ್ರಾಸ ಸರಿಯಾಯಿತು. ಆದರೆ ಮನೆಯ ಹೊಸ್ತಿಲಲ್ಲಿ ನಿಂತ ಪ್ರಯಾಣಕ್ಕೆ ಮುಂದೆ ದಾರಿಯಿಲ್ಲ, ನೆಲದಿಂದ ಹೊರಟ ಸಾಲು ನೆಲಕ್ಕೇ ಮರಳಬೇಕು ಎಂಬುದನ್ನು ಹೇಳುತ್ತಿದ್ದ ಸಾಧನ ಅಳಿಯಿತು.

ಡಿಕಿನ್ಸನ್‌ಳ ಅರೆಕೂಡುವ ಪ್ರಾಸವನ್ನು ಕನ್ನಡದಲ್ಲಿ ವಿವರಿಸಲು ಹೊಸ ಪದ ಕಟ್ಟಬೇಕಿಲ್ಲ. ನಮ್ಮ ಛಂದಶ್ಶಾಸ್ತ್ರ ಒಂದೇ ವರ್ಗದ ವ್ಯಂಜನಗಳ ವರ್ಗಪ್ರಾಸವನ್ನೂ, ಹತ್ತಿರದ ದನಿಗಳ ಸಮೀಪಪ್ರಾಸವನ್ನೂ ಹಿಂದೆಯೇ ಗುರುತಿಸಿದೆ. ‘ಸಮೀಪಪ್ರಾಸ’ ಎಂಬ ಹೆಸರು ಆಕೆಯ ಕಿವಿಗೆ ಚೆನ್ನಾಗಿ ಒಪ್ಪುತ್ತದೆ. ಹೋಲಿಕೆ ಮುರಿಯುವುದು ಮುಂದಿನ ಹೆಜ್ಜೆಯಲ್ಲಿ. ಕನ್ನಡದಲ್ಲಿ ಇವು ಕವಿಗೆ ಶಾಸ್ತ್ರ ಕೊಟ್ಟ ರಿಯಾಯಿತಿಗಳು, ಡಿಕಿನ್ಸನ್‌ಳಲ್ಲಿ ಅವು ಶಾಸ್ತ್ರದ ಎದುರು ನಿಂತ ನಿಲುವು. ಸಭೆ ನಿರೀಕ್ಷಿಸುವ ಸ್ವರ ಬಾರದೆ ಇನ್ನೊಂದು ಬಂದಾಗ, ಸ್ತುತಿಗೀತೆ ಭರವಸೆ ಕೊಡುವ ಜಾಗದಲ್ಲೇ ಭರವಸೆ ಅಲುಗುತ್ತದೆ. 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟ, ಮತ್ತೊಂದು ಗಡಿಯ ಮಂಜೇಶ್ವರದವರಾದ ಗೋವಿಂದ ಪೈ ಅವರ ನಡೆಯಿಂದ ಇದು ಭಿನ್ನ. ಪೈ ಅವರು ಕಟ್ಟನ್ನು ಬಿಚ್ಚಿದರು. ಡಿಕಿನ್ಸನ್ ಕಟ್ಟನ್ನು ಉಳಿಸಿಕೊಂಡು ಅದರ ಗಂಟನ್ನು ಸಡಿಲಿಸಿದಳು. ಕಟ್ಟು ಇರದಿದ್ದರೆ ಸಡಿಲು ಕಾಣುತ್ತಿರಲಿಲ್ಲ.

ವಸ್ತುವಿನ ಮಟ್ಟದಲ್ಲೂ ಇಂಥದೇ ಹೋಲಿಕೆ ಸಾಧ್ಯ. ಜಹೀರಾಬಾದಿನ ನೆರೆಯ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಉಡುತಡಿಯಿಂದ ನಡೆದುಬಂದ ಅಕ್ಕಮಹಾದೇವಿಯ ವಚನಗಳಲ್ಲೂ ಮದುವೆಯ ರೂಪಕವಿದೆ. ಸಾಯುವ, ಕೆಡುವ ಗಂಡಂದಿರನ್ನು ನಿರಾಕರಿಸಿ ಸಾವಿಲ್ಲದವನನ್ನು ಅಕ್ಕ ವರಿಸುತ್ತಾಳೆ. ಡಿಕಿನ್ಸನ್‌ಳ ಗಾಡಿಯಲ್ಲಿ ವರನಂತೆ ಬಂದು ಕುಳಿತವನು ಸಾವೇ. ಎರಡನ್ನೂ ‘ಅಲೌಕಿಕ ವಿವಾಹದ ರೂಪಕ’ ಎಂಬ ಒಂದೇ ಹೆಸರಿನಡಿ ಇಡಬಹುದು. ಆದರೆ ಒಂದು ರೂಪಕ ಹೆಣ್ಣನ್ನು ಮನೆಯಿಂದ ಹೊರಗೆ ತರುತ್ತದೆ, ಇನ್ನೊಂದು ಆಕೆಯನ್ನು ನೆಲದಡಿಯ ಮನೆಗೆ ಸೇರಿಸುತ್ತದೆ.

1890ರ ಸಂಪಾದಕರನ್ನು ಖಳರನ್ನಾಗಿಸುವುದು ಸುಲಭ. ಅವರಿಲ್ಲದಿದ್ದರೆ ಡಿಕಿನ್ಸನ್ ಓದುಗರನ್ನು ಅಷ್ಟು ಬೇಗ ತಲುಪುತ್ತಿರಲಿಲ್ಲ. ಅವರ ತರ್ಕ ನಮಗೆ ಅಪರಿಚಿತವೂ ಅಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಅರಿವಿಲ್ಲದೆ ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುತ್ತದೆ ಎಂಬ ಎಚ್ಚರಿಕೆ ‘ಕವಿರಾಜಮಾರ್ಗ’ದಲ್ಲೇ ಇದೆ. ಅದೇ ಗ್ರಂಥ ಕನ್ನಡದ ಪ್ರಾದೇಶಿಕ ಭೇದಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನು ಎಂದೂ ಹೇಳುತ್ತದೆ. ಬೆರಕೆಯ ಬಗೆಗಿನ ಅಂಜಿಕೆ ಮತ್ತು ಭೇದಗಳ ಬಗೆಗಿನ ಬೆರಗು ಒಂದೇ ಪರಂಪರೆಯಲ್ಲಿ ಜೊತೆಗಿವೆ. ಗಡಿಯ ಕನ್ನಡವನ್ನು ‘ತಪ್ಪು’ ಎಂದು ತಿದ್ದುವ ಪಠ್ಯ ಈ ಎರಡರಲ್ಲಿ ಮೊದಲನೆಯದನ್ನು ಮಾತ್ರ ಆನುವಂಶಿಕವಾಗಿ ಪಡೆದಿದೆ. ದೋಷವೋ ಸಾಧನವೋ ಎಂಬುದನ್ನು ತೀರ್ಮಾನಿಸುವ ಮೊದಲು ಅದು ಮಾಡುತ್ತಿರುವ ಕೆಲಸವನ್ನು ನೋಡಬೇಕೆಂಬುದು ಡಿಕಿನ್ಸನ್‌ಳ ಪಠ್ಯಚರಿತ್ರೆಯಿಂದ ಕಲಿಯಬಹುದಾದ ಪಾಠ.

ಫ್ರಾಸ್ಟ್: ಗಾದೆ, ಉಪಮೆ, ಗೋಡೆ

‘ನಾರ್ತ್ ಆಫ್ ಬಾಸ್ಟನ್’ (1914) ಸಂಕಲನದ ‘ಮೆಂಡಿಂಗ್ ವಾಲ್’ ಗಡಿನಾಡಿನ ತರಗತಿಗೆ ಹೇಳಿ ಬರೆಸಿದಂತಿದೆ. ಪ್ರತಿ ವಸಂತದಲ್ಲೂ ಇಬ್ಬರು ನೆರೆಯವರು ತಮ್ಮ ಜಮೀನುಗಳ ನಡುವಿನ ಕಲ್ಲುಗೋಡೆಯನ್ನು ಸರಿಪಡಿಸುತ್ತಾರೆ. ಹೇಳುವವನಿಗೆ ಗೋಡೆಯ ಅಗತ್ಯದ ಬಗ್ಗೆ ಸಂಶಯ. ಈಚೆ ಸೇಬಿನ ಮರಗಳು, ಆಚೆ ಪೈನ್ ಮರಗಳು, ಮೇಯಲು ಹಸುಗಳೇ ಇಲ್ಲ. ನೆರೆಯವನು ತಂದೆಯಿಂದ ಬಂದ ಗಾದೆಯೊಂದನ್ನು ಎರಡು ಸಲ ಹೇಳುತ್ತಾನೆ: ಬೇಲಿ ಚೆನ್ನಾಗಿದ್ದರೆ ನೆರೆಯೂ ಚೆನ್ನ ಎಂಬುದು ಅದರ ತಾತ್ಪರ್ಯ. ಕೋಷ್ಟಕದ ಓದು ಹೀಗಿರುತ್ತದೆ: ಗೋಡೆ ಪ್ರತೀಕ; ವಸ್ತು, ಮನುಷ್ಯರ ನಡುವೆ ಗೋಡೆಗಳಿರಬಾರದು. ಬರ್ಲಿನ್ ಗೋಡೆ ಎದ್ದ ಮರುವರ್ಷ, 1962ರಲ್ಲಿ ಫ್ರಾಸ್ಟ್ ಸೋವಿಯತ್ ಒಕ್ಕೂಟಕ್ಕೆ ಹೋದಾಗ ಈ ಕವಿತೆಯನ್ನು ಓದಿದ್ದೂ ಇಂಥ ಓದಿಗೆ ಬಲ ಕೊಟ್ಟಿತು.

ಆದರೆ ಕವಿತೆಯೊಳಗೆ ಯಾರು ಏನು ಮಾಡುತ್ತಾರೆಂಬುದನ್ನು ಗಮನಿಸಬೇಕು. ದುರಸ್ತಿಯ ದಿನವನ್ನು ಗೊತ್ತುಮಾಡಲು ನೆರೆಯವನಿಗೆ ಹೇಳಿಕಳಿಸುವವನು ಗೋಡೆಯನ್ನು ಶಂಕಿಸುವವನೇ. ಬೇಟೆಗಾರರು ಕೆಡವಿದಾಗ ಹಿಂದೆಯೇ ಹೋಗಿ ಕಲ್ಲು ಜೋಡಿಸಿದವನೂ ಅವನೇ. ವರ್ಷಕ್ಕೊಮ್ಮೆ ಇವರಿಬ್ಬರನ್ನು ಜೊತೆಯಾಗಿ ನಡೆಸುವ ಏಕೈಕ ಸಂಗತಿಯೂ ಆ ಗೋಡೆಯೇ. ನೆಲವನ್ನು ಹೆಪ್ಪುಗಟ್ಟಿಸಿ, ಉಬ್ಬಿಸಿ, ಕಲ್ಲುಗಳನ್ನು ಉರುಳಿಸುವ ಚಳಿಗೆ ಇಂಗ್ಲಿಷಿನಲ್ಲಿರುವ ಹೆಸರು ಕವಿಯ ಮನೆತನದ ಹೆಸರೇ ಆಗಿರುವುದು ಅನುವಾದದಲ್ಲಿ ಕಳೆದುಹೋಗುವ ಶ್ಲೇಷೆ. ಕನ್ನಡದಲ್ಲಿ ‘ವ್ಯಂಗ್ಯ’ ಎಂದರೆ ಇಂದು ಕ್ಲುಪ್ತವಾಗಿ ಕುಟುಕುವ ಮಾತು. ಕಾವ್ಯಮೀಮಾಂಸೆಯಲ್ಲಿ ಅದು ಸೂಚಿತವಾದ ಅರ್ಥ. ಫ್ರಾಸ್ಟ್‌ನ ವ್ಯಂಗ್ಯಕ್ಕೆ ಎರಡೂ ಅರ್ಥಗಳು ಬೇಕು. ಮಾತಿನಲ್ಲಿ ನೆರೆಯವನನ್ನು ಕುಟುಕುತ್ತಿರುವಾಗಲೇ ಕೃತಿಯಲ್ಲಿ ಹೇಳುವವನೇ ಸಿಕ್ಕಿಬೀಳುತ್ತಾನೆ.

ಕವಿತೆಯ ಅತ್ಯಂತ ಎತ್ತರದ ಗೋಡೆ ಏಳುವುದು ಕಲ್ಲಿನಿಂದಲ್ಲ, ಉಪಮೆಯಿಂದ. ಕೊನೆಯ ಭಾಗದಲ್ಲಿ, ಎರಡೂ ಕೈಯಲ್ಲಿ ಕಲ್ಲು ಹಿಡಿದು ಬರುವ ನೆರೆಯವನನ್ನು ಹೇಳುವವನು ಆಯುಧ ಹಿಡಿದ ಶಿಲಾಯುಗದ ಕಾಡುಮನುಷ್ಯನಿಗೆ ಹೋಲಿಸುತ್ತಾನೆ. ಅವನು ಕತ್ತಲಲ್ಲಿ ನಡೆಯುತ್ತಿರುವಂತೆ ಕಾಣುತ್ತಾನೆ. ಅದೇ ಕಲ್ಲು, ಅದೇ ಕೆಲಸ ಇವನ ಕೈಯಲ್ಲೂ ಇದೆ. ವ್ಯತ್ಯಾಸವೊಂದೇ: ಒಬ್ಬ ಪ್ರಶ್ನೆಗಳಲ್ಲಿ ಮಾತನಾಡುತ್ತಾನೆ, ಇನ್ನೊಬ್ಬ ಗಾದೆಯಲ್ಲಿ. ಗಾದೆಯಲ್ಲಿ ಮಾತನಾಡುವವನು ಯೋಚಿಸಲಾರ, ಅವನದು ತಂದೆಯ ಮಾತಿನ ಪುನರುಚ್ಚಾರ ಎಂಬ ತಿರಸ್ಕಾರವನ್ನು ಈ ಉಪಮೆ ಹೊತ್ತಿದೆ. ಬರಹವಿಲ್ಲದ ಜ್ಞಾನದ ಬಗ್ಗೆ ಓದುಬಲ್ಲವರ ಹಳೆಯ ಅಸಹನೆಯಿದು. ಓದದೆಯೂ ಕಾವ್ಯಬಲ್ಲ ಜನರನ್ನು ಗುರುತಿಸಿದ ‘ಕವಿರಾಜಮಾರ್ಗ’ದ ನಾಡಿನವರಿಗೆ, ಹಳ್ಳಿಯ ಮಹಿಳೆಯರೇ 2008ರಿಂದ ಸಂಘಂ ರೇಡಿಯೊ ನಡೆಸುತ್ತಿರುವ ಮಾಚನೂರಿನ ನೆರೆಯವರಿಗೆ, ಆ ಉಪಮೆ ಕೇಳಿದೊಡನೆ ಚುಚ್ಚಬೇಕು. ಕವಿತೆಯ ಕೊನೆಯ ಮಾತನ್ನು ಫ್ರಾಸ್ಟ್ ಗಾದೆಗೇ ಬಿಟ್ಟುಕೊಟ್ಟಿರುವುದು ಆಕಸ್ಮಿಕವಲ್ಲ.

ಅನುವಾದದ ಪ್ರಶ್ನೆ ಇಲ್ಲಿ ವಿಮರ್ಶೆಯ ಪ್ರಶ್ನೆಯೇ ಆಗುತ್ತದೆ. ಶೀರ್ಷಿಕೆ ಗೋಡೆ ಎನ್ನುತ್ತದೆ, ಗಾದೆ ಬೇಲಿ ಎನ್ನುತ್ತದೆ. ಕನ್ನಡದಲ್ಲಿ ‘ಗೋಡೆ’ ಮನೆಯದು, ‘ಬೇಲಿ’ ಮುಳ್ಳಿನದು. ಹೊಲವೇ ಮೇಯುವ ಬೇಲಿ ನಮ್ಮ ಗಾದೆಯಲ್ಲೂ ಬಸವಣ್ಣನವರ ವಚನದಲ್ಲೂ ರಕ್ಷಕನ ದ್ರೋಹಕ್ಕೆ ಸಂಕೇತ. ಈ ಭಾಗದ ಹೊಲಗಳ ನಡುವೆ ಸಾಮಾನ್ಯವಾಗಿ ಇರುವುದು ಒಡ್ಡು. ಒಡ್ಡು ಎಲ್ಲೆಯೂ ಹೌದು, ಮಣ್ಣು-ನೀರುಗಳನ್ನು ಹಿಡಿದಿಡುವ ಆಸರೆಯೂ ಹೌದು, ಇಬ್ಬರೂ ತುಳಿಯುವ ಕಾಲುದಾರಿಯೂ ಹೌದು. ಫ್ರಾಸ್ಟ್‌ನ ಗೋಡೆಯನ್ನು ಒಡ್ಡು ಎಂದು ಅನುವಾದಿಸಲಾಗದು. ಅಲ್ಲಿ ಕಲ್ಲು ಕಲ್ಲಾಗಿಯೇ ಉಳಿಯಬೇಕು. ಆದರೆ ಒಡ್ಡನ್ನು ಬಲ್ಲ ಓದುಗನಿಗೆ ಎಲ್ಲೆಯೆಂದರೆ ಬೇರ್ಪಡಿಸುವುದು ಮಾತ್ರ ಎಂಬ ತೀರ್ಪು ಒಪ್ಪಿಗೆಯಾಗದು, ಹಾಗಾಗಿ ನೆರೆಯವನ ಗಾದೆಯನ್ನು ಅವನು ತಳ್ಳಿಹಾಕದೆ ಕೇಳುತ್ತಾನೆ.

ಅಲ್ಪಸಂಖ್ಯಾತ ಭಾಷೆಯ ನೆಲೆಯಿಂದ ಇದು ತೀರ ನಿಜವಾದ ಇಕ್ಕಟ್ಟು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ ಸಂವಿಧಾನದ ಏಳನೆಯ ತಿದ್ದುಪಡಿ 350-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಇದು ಭಾಷೆಗೆ ಕಟ್ಟಿದ ಬೇಲಿಯೇ. ಅದೇ ಭಾಷೆ ಬದುಕಿರುವುದು ಮಾತ್ರ ಬೇಲಿಯ ಸಂದಿನಲ್ಲಿ: ಸಂತೆಯ ತೆಲುಗಿನಲ್ಲಿ, ನೆರೆಯ ದಖನಿಯಲ್ಲಿ, ಬೀದರದಿಂದ ಬಂದ ಸೊಸೆಯ ಮಾತಿನಲ್ಲಿ. ಬೇಲಿ ಬೇಡವೆಂದರೆ ಭಾಷೆ ಕರಗುತ್ತದೆ. ಬೇಲಿಯೊಂದೇ ಸಾಕೆಂದರೆ ಉಳಿಯುವುದು ಬೇಲಿ ಮಾತ್ರ. ಗೋಡೆಯನ್ನು ಪ್ರಶ್ನಿಸುತ್ತಲೇ ಕಟ್ಟುವವನ ಸ್ಥಿತಿ ನಮ್ಮದೂ ಆಗಿರುವುದರಿಂದ ಫ್ರಾಸ್ಟ್‌ನ ವ್ಯಂಗ್ಯ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.

ಮೂರನೆಯ ಅಂಕಣ

ಈ ಮೂರು ಓದುಗಳಿಂದ ಹೊರಡುವ ಸೂಚನೆಗಳು ಬೋಧನೆಗೂ ಅನುವಾದಕ್ಕೂ ಸಂಬಂಧಿಸಿವೆ. ಅಲಂಕಾರಗಳ ಹೆಸರುಗಳನ್ನು ಕಲಿಸುವುದು ಬೇಡವೆಂಬುದು ಇಲ್ಲಿನ ವಾದವಲ್ಲ. ಹೆಸರಿಲ್ಲದೆ ಚರ್ಚೆ ನಡೆಯದು. ಆದರೆ ಕೋಷ್ಟಕಕ್ಕೆ ಮೂರನೆಯದೊಂದು ಅಂಕಣ ಬೇಕು. ಅಲ್ಲಿ ವಿದ್ಯಾರ್ಥಿ ತನ್ನ ಮನೆಮಾತಿನ ಹಾಡು, ಗಾದೆ, ವಚನ, ಎಣಿಕೆಗಳಿಂದ ಅದೇ ಸಾಧನದ ಉದಾಹರಣೆಯೊಂದನ್ನು ಬರೆಯಬೇಕು, ಮತ್ತು ಅದರ ಮುಂದೆ ಹೋಲಿಕೆ ಎಲ್ಲಿ ನಿಲ್ಲುತ್ತದೆಂಬುದನ್ನು ಬರೆಯಬೇಕು. ಎರಡನೆಯ ಭಾಗವಿಲ್ಲದಿದ್ದರೆ ಈ ಕ್ರಮ ‘ನಮ್ಮಲ್ಲೂ ಎಲ್ಲವೂ ಇತ್ತು’ ಎಂಬ ಸುಲಭದ ಹೆಮ್ಮೆಯಾಗಿ ಬಿಡುತ್ತದೆ. ವಿಟ್ಮನ್‌ನ ಪಟ್ಟಿ ವಚನದ ಪಟ್ಟಿಯಲ್ಲ, ಡಿಕಿನ್ಸನ್‌ಳ ಪ್ರಾಸ ಶಾಸ್ತ್ರದ ಸಮೀಪಪ್ರಾಸವಲ್ಲ, ಫ್ರಾಸ್ಟ್‌ನ ಗೋಡೆ ನಮ್ಮ ಒಡ್ಡಲ್ಲ. ಅಲ್ಲವೆಂಬುದನ್ನು ಖಚಿತವಾಗಿ ಹೇಳಲು ಸಾಧ್ಯವಾದದ್ದು ಹೋಲಿಸಿದ್ದರಿಂದ.

ಇಂಥ ಓದಿಗೆ ಬೇಕಾದ ಸಾಮಗ್ರಿ ಪಠ್ಯಪುಸ್ತಕದಲ್ಲಿ ಸಿದ್ಧವಾಗಿ ದೊರೆಯದು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗಿನ ಕೂಗು-ಮರುಕೂಗುಗಳು, ಬೀಸುವ ಹಾಡಿನ ಪಲ್ಲವಿ, ಎರಡು ಭಾಷೆಗಳಲ್ಲಿ ಒಟ್ಟೊಟ್ಟಿಗೆ ಬಳಕೆಯಲ್ಲಿರುವ ಗಾದೆಗಳು: ಇವನ್ನು ಜಾನಪದ ವಿಭಾಗಕ್ಕೆ ಒಪ್ಪಿಸಿ, ಅಮೆರಿಕನ್ ಕಾವ್ಯವನ್ನು ಇಂಗ್ಲಿಷ್ ವಿಭಾಗಕ್ಕೆ ಬಿಟ್ಟಿರುವ ವಿಂಗಡಣೆ ಎರಡಕ್ಕೂ ನಷ್ಟ ತಂದಿದೆ. ಗಡಿಯ ಕನ್ನಡದ ದಾಖಲೀಕರಣ ಪದಕೋಶಕ್ಕೆ ಸೀಮಿತವಾಗದೆ ಅದರ ಅಲಂಕಾರಗಳನ್ನೂ, ಅಂದರೆ ಆ ಮಾತು ಸುತ್ತುಬಳಸಿ, ಮರಳಿ ಹೇಳಿ, ಹೇಳದೆ ಬಿಟ್ಟು ಅರ್ಥ ಹೊಮ್ಮಿಸುವ ಬಗೆಗಳನ್ನೂ ಸಂಗ್ರಹಿಸಬೇಕಿದೆ. ಅಂಥ ಸಂಗ್ರಹ ಕೈಯಲ್ಲಿದ್ದರೆ ಜಹೀರಾಬಾದಿನ ತರಗತಿಯಲ್ಲಿ ಡಿಕಿನ್ಸನ್‌ಳ ಅಡ್ಡಗೆರೆಯ ಮೌನವನ್ನು ವಿವರಿಸಲು ಅಧ್ಯಾಪಕರು ಮೂರು ಭಾಷೆಗಳ ಆಚೆ ಹುಡುಕಬೇಕಾಗಿಲ್ಲ.